ಮಾರ್ಪಾಡು ಮಾಡಿದ ಹಳೆಯ ಸ್ಪೋರ್ಟ್ಸ್ ಕಾರಿಗೆ ನ್ಯಾಯವಾದ ಬೆಲೆ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ತೋಟದ ಮನೆಗಳಲ್ಲಿ, ಹಳೆಯ ಅಕ್ಕಿ ಗಿರಣಿಗಳ ಹಿಂಭಾಗದಲ್ಲಿ, ರೇಷ್ಮೆ ಹುಳು ಸಾಕುವುದನ್ನು ಬಿಟ್ಟ ಶೆಡ್ಡುಗಳಲ್ಲಿ ಇಂದಿಗೂ ಹಳೆಯ ಕಾರುಗಳು ಸಿಗುತ್ತವೆ. ಅವುಗಳಲ್ಲಿ ತಯಾರಕರು ಕಳಿಸಿದಂತೆಯೇ ಉಳಿದವು ಬಹಳ ಕಡಿಮೆ. ಒಬ್ಬರು ಎಂಜಿನ್ ಬದಲಿಸಿದ್ದಾರೆ, ಇನ್ನೊಬ್ಬರು ಮೇಲ್ಛಾವಣಿ ಕತ್ತರಿಸಿದ್ದಾರೆ, ಮತ್ತೊಬ್ಬರು ಅಗಲ ಚಕ್ರ ಹಾಕಲು ಮಡ್‌ಗಾರ್ಡಿನ ತಗಡನ್ನೇ ಬಡಿದು ಹೊರಗೆ ತಂದಿದ್ದಾರೆ. ಇಂಥ ಕಾರನ್ನು ಕೊಳ್ಳುವವರೂ ಮಾರುವವರೂ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಮ್ಮ ಕಡೆ ಸ್ಪೋರ್ಟ್ಸ್ ಕಾರು ಎಂದು ಯಾವುದನ್ನು ಕರೆಯಬೇಕು?

ಇಂಗ್ಲೆಂಡಿನ ಎಂಜಿ, ಟ್ರಯಂಫ್ ಸ್ಪಿಟ್‌ಫೈರ್ ಮುಂತಾದ ಎರಡು ಸೀಟಿನ ತೆರೆದ ಕಾರುಗಳು ಈ ಮೂರು ಜಿಲ್ಲೆಗಳಲ್ಲಿ ಬೆರಳೆಣಿಕೆಯಷ್ಟು ಕೂಡ ಕಾಣುವುದಿಲ್ಲ. ಭಾರತದಲ್ಲೇ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಉದಾಹರಣೆಯೆಂದರೆ ರೆನೋ ಕಂಪನಿಯ 1149 ಸಿಸಿ ಎಂಜಿನ್ ಹೊತ್ತ, ಫೈಬರ್ ಬಾಡಿಯ ಸ್ಯಾನ್ ಸ್ಟಾರ್ಮ್. ಇವೆರಡನ್ನು ಬಿಟ್ಟರೆ ಇಲ್ಲಿನವರು ಸ್ಪೋರ್ಟ್ಸ್ ಕಾರು ಎನ್ನುವುದು ಓಟಕ್ಕೆ ಹೊಂದಿಸಿದ ಸಾಮಾನ್ಯ ಕಾರುಗಳನ್ನು: ಫಿಯೆಟ್ 1100 ಮತ್ತು ಅದರ ಮುಂದಿನ ರೂಪವಾದ ಪ್ರೀಮಿಯರ್ ಪದ್ಮಿನಿ, ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್, ಪ್ರೀಮಿಯರ್ 118 ಎನ್‌ಇ ಮತ್ತು ಕಾಂಟೆಸ್ಸಾ. ಈ ಬರಹ ಮುಖ್ಯವಾಗಿ ಅವುಗಳ ಕುರಿತು.

ಮಾಲೀಕರು ಕಾರಿಗೆ ಎಂಟು ಲಕ್ಷ ಖರ್ಚು ಮಾಡಿದ್ದೇನೆ ಎಂದು ಬಿಲ್ಲುಗಳನ್ನೇ ತೋರಿಸುತ್ತಾರೆ. ಅಷ್ಟಾದರೂ ಕೊಡಬೇಕಲ್ಲವೇ?

ಕೊಡಬೇಕಾಗಿಲ್ಲ. ಆ ಹಣ ಅವರ ಹವ್ಯಾಸಕ್ಕೆ ಆದ ಖರ್ಚು. ಅದರ ಸುಖವನ್ನು ಅವರು ಈಗಾಗಲೇ ಉಂಡಿದ್ದಾರೆ. ತಮಗೆ ಬೇಕಾದ ಬಣ್ಣ, ತಮ್ಮ ಕಿವಿಗೆ ಹಿತವಾದ ಸೈಲೆನ್ಸರ್ ಸದ್ದು, ತಮ್ಮ ಸೊಂಟಕ್ಕೆ ಸರಿಹೊಂದಿದ ಸೀಟು ಮುಂದಿನವರಿಗೆ ಬೇಡವೇ ಇರಬಹುದು. ಹಾಗೆಂದು ಬಿಲ್ಲುಗಳನ್ನು ತಳ್ಳಿಹಾಕಬೇಡಿ. ಯಾವ ಕೆಲಸವನ್ನು ಯಾವ ವರ್ಷ ಯಾವ ಗ್ಯಾರೇಜಿನಲ್ಲಿ ಮಾಡಿಸಿದರು ಎಂಬುದಕ್ಕೆ ಅವೇ ಸಾಕ್ಷಿ. ಬಿಲ್ಲಿನಲ್ಲಿರುವ ಮೊತ್ತಕ್ಕಿಂತ ಅದರಲ್ಲಿ ಬರೆದ ಕೆಲಸದ ವಿವರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಾಗಾದರೆ ಲೆಕ್ಕ ಎಲ್ಲಿಂದ ಆರಂಭಿಸಬೇಕು?

ಅದೇ ಮಾದರಿಯ, ಹೆಚ್ಚುಕಡಿಮೆ ಅದೇ ವರ್ಷದ, ಅದೇ ಸ್ಥಿತಿಯಲ್ಲಿರುವ, ಮಾರ್ಪಾಡು ಆಗದ ಕಾರು ಈಗ ಎಷ್ಟಕ್ಕೆ ಕೈಬದಲಾಗುತ್ತಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕೇಳುತ್ತಿರುವ ಬೆಲೆಯನ್ನು ಬಿಟ್ಟು, ನಿಜವಾಗಿ ಹಣ ಕೊಟ್ಟು ಕೊಂಡವರ ಬೆಲೆಯನ್ನು ಹಿಡಿಯಬೇಕು. ಆಮೇಲೆ ಒಂದೊಂದು ಮಾರ್ಪಾಡನ್ನೂ ಪ್ರತ್ಯೇಕವಾಗಿ ಎತ್ತಿಕೊಂಡು ಒಂದೇ ಪ್ರಶ್ನೆ ಹಾಕಬೇಕು: ಇದನ್ನು ಬಿಚ್ಚಿ ಮೊದಲಿನಂತೆ ಮಾಡಲು ಆಗುತ್ತದೆಯೇ? ಬೋಲ್ಟು ಬಿಚ್ಚಿದರೆ ಮೊದಲಿನಂತಾಗುವ ಕೆಲಸ ಬೆಲೆಯನ್ನು ತಗ್ಗಿಸುವುದಿಲ್ಲ. ತಗಡು ಕತ್ತರಿಸಿದ, ಚಾಸಿಗೆ (ಕಾರಿನ ಅಡಿಯ ಚೌಕಟ್ಟಿಗೆ) ವೆಲ್ಡಿಂಗ್ ಮಾಡಿದ ಕೆಲಸ ತಗ್ಗಿಸುತ್ತದೆ.

ಲೆಕ್ಕದ ದಾರಿ ತೋರಿಸಲು ಊಹೆಯ ಮೊತ್ತಗಳನ್ನು ಇಟ್ಟುಕೊಳ್ಳೋಣ. ಇವನ್ನು ಮಾರುಕಟ್ಟೆಯ ಬೆಲೆಯೆಂದು ತಿಳಿಯಬಾರದು. ಮಾರ್ಪಾಡು ಇಲ್ಲದ ಪದ್ಮಿನಿಗೆ 3,00,000 ರೂಪಾಯಿ ಎಂದಿರಲಿ. ನೀವು ನೋಡಿದ ಕಾರಿಗೆ ಅಲಾಯ್ ಚಕ್ರಗಳಿವೆ, ಹಳೆಯ ಚಕ್ರಗಳನ್ನೂ ಮಾಲೀಕರು ಇಟ್ಟಿದ್ದಾರೆ. ಅಲಾಯ್ ಚಕ್ರಗಳನ್ನು ಬಿಡಿಯಾಗಿ ಮಾರಿದರೆ ಬರುವ 25,000ವನ್ನು ಕೂಡಿಸಿ. ಮುಂಭಾಗಕ್ಕೆ 60,000 ವೆಚ್ಚದಲ್ಲಿ ಡಿಸ್ಕ್ ಬ್ರೇಕ್ ಹಾಕಿಸಿದ್ದಾರೆ, ಕೆಲಸ ಅಚ್ಚುಕಟ್ಟಾಗಿದೆ; ಅದಕ್ಕೆ 20,000 ಕೂಡಿಸಿದರೆ ಸಾಕು. ಗೇರನ್ನು ಸ್ಟೇರಿಂಗಿನಿಂದ ನೆಲಕ್ಕೆ ತರಲು ನೆಲದ ತಗಡನ್ನು ಕೊಯ್ದಿದ್ದಾರೆ. ಸರಿಪಡಿಸುವ ಟಿಂಕರಿಂಗ್ ಕೆಲಸಕ್ಕೆ 40,000 ಕಳೆಯಿರಿ. ಎಂಜಿನ್ ಬೇರೆ, ಆರ್‌ಸಿಯಲ್ಲಿ ನಮೂದಾಗಿಲ್ಲ. ಮೂಲ ಮಾದರಿಯ ಎಂಜಿನ್ ಹುಡುಕಿ ಕೂರಿಸಲು 70,000 ಕಳೆಯಿರಿ. ಉಳಿದದ್ದು 2,35,000. ಮಾಲೀಕರು ಆರು ಲಕ್ಷ ಕೇಳುತ್ತಿದ್ದರೆ, ನಿಮ್ಮಿಬ್ಬರ ನಡುವಿನ ಅಂತರ ಚೌಕಾಸಿಯಿಂದ ತುಂಬುವಂಥದ್ದಲ್ಲ ಎಂದು ತಿಳಿದು, ಕೊಟ್ಟ ಕಾಫಿ ಕುಡಿದು, ನಮಸ್ಕಾರ ಹೇಳಿ ಹೊರಡುವುದು ಒಳ್ಳೆಯದು.

ಬೆಲೆಯನ್ನು ನಿಜವಾಗಿ ಹೆಚ್ಚಿಸುವ ಮಾರ್ಪಾಡು ಇಲ್ಲವೇ ಇಲ್ಲವೇ?

ಇವೆ, ಆದರೆ ಕಡಿಮೆ. ಬ್ರೇಕ್, ವೈರಿಂಗ್, ರೇಡಿಯೇಟರ್, ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಜಾಗದಲ್ಲಿ ಆಲ್ಟರ್ನೇಟರ್ ಮುಂತಾದ, ಕಾರನ್ನು ಇಂದಿನ ರಸ್ತೆಯಲ್ಲಿ ನೆಮ್ಮದಿಯಿಂದ ಓಡಿಸಲು ನೆರವಾಗುವ ಕೆಲಸಗಳಿಗೆ ಕೊಳ್ಳುವವರು ಸ್ವಲ್ಪ ಹೆಚ್ಚು ಕೊಡುತ್ತಾರೆ. ಹೊರದೇಶಗಳಲ್ಲಿ ಪೋರ್ಷೆ 911 ಕಾರುಗಳನ್ನು ಬಿಚ್ಚಿ ಮರುಕಟ್ಟುವ ಸಿಂಗರ್ ಸಂಸ್ಥೆಯ ಕೆಲಸಕ್ಕೆ ಮೂಲ ಕಾರಿಗಿಂತ ಎಷ್ಟೋ ಪಟ್ಟು ಬೆಲೆ ಇದೆ ಎಂದು ಕೆಲವರು ವಾದಿಸುತ್ತಾರೆ. ಅಲ್ಲಿ ಬೆಲೆ ಬರುವುದು ಮಾಡಿದವರ ಹೆಸರಿಗೆ. ನಮ್ಮ ಬಡಾವಣೆಯ ಗ್ಯಾರೇಜಿನವರು ಎಷ್ಟೇ ಕೈಚಳಕದವರಾಗಿದ್ದರೂ ಮುಂದಿನ ಗಿರಾಕಿಗೆ ಅವರ ಹೆಸರು ಗೊತ್ತಿರುವುದಿಲ್ಲ.

ಪದ್ಮಿನಿಗೆ 118 ಎನ್‌ಇ ಎಂಜಿನ್ ಹಾಕಿದ್ದಾರೆ. ಓಟ ಚೆನ್ನಾಗಿದೆ. ಇದನ್ನು ಹೇಗೆ ನೋಡಬೇಕು?

ನಮ್ಮ ಭಾಗದಲ್ಲಿ ಅತಿ ಹೆಚ್ಚಾಗಿ ಕಾಣುವ ಮಾರ್ಪಾಡು ಇದೇ. ಪದ್ಮಿನಿಯದ್ದು 1089 ಸಿಸಿ ಫಿಯೆಟ್ ಎಂಜಿನ್. 118 ಎನ್‌ಇಯದ್ದು ನಿಸ್ಸಾನ್ ಮೂಲದ 1171 ಸಿಸಿ ಎ12 ಎಂಜಿನ್. ಎರಡೂ ಕಾರುಗಳು ಪ್ರೀಮಿಯರ್ ಕಂಪನಿಯವೇ ಆದ್ದರಿಂದ ಮೆಕ್ಯಾನಿಕ್‌ಗಳಿಗೆ ಈ ಅದಲುಬದಲು ಬಹಳ ಹಿಂದೆಯೇ ಕೈಗೆ ಹತ್ತಿದೆ. ಓಡಿಸುವವರ ದೃಷ್ಟಿಯಿಂದ ಇದು ಸುಧಾರಣೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ತೊಡಕಿರುವುದು ಕಾಗದದಲ್ಲಿ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೂ ಆರ್‌ಸಿಗೂ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಎಂಜಿನ್ ಬದಲಾದರೆ ಅದನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದೆ ವಾಹನವನ್ನು ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸಜೆ, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದ್ದರಿಂದ ಹಳೆಯ ಎಂಜಿನ್ ಎಲ್ಲಿದೆ ಎಂದು ಕೇಳುವುದು ನನ್ನ ಮೊದಲ ಪ್ರಶ್ನೆ. ಗೋಣಿಚೀಲ ಹೊದಿಸಿ ಶೆಡ್ಡಿನ ಮೂಲೆಯಲ್ಲಿ ಇಟ್ಟಿದ್ದರೆ, ಅದರ ಮೇಲಿನ ನಂಬರ್ ಆರ್‌ಸಿಗೆ ಹೊಂದಿದರೆ, ಕಾರಿನ ಬೆಲೆ ಬಹುಪಾಲು ಉಳಿದಿದೆ. ಗುಜರಿಗೆ ಹಾಕಿದ್ದರೆ, ಅದರ ಜೊತೆ ಬೆಲೆಯ ಒಂದು ಭಾಗವೂ ಗುಜರಿಗೆ ಹೋಯಿತು.

ಹೆರಾಲ್ಡ್ ಕಾರಿನ ಛಾವಣಿ ತೆಗೆದು ತೆರೆದ ಕಾರು ಮಾಡಿದ್ದಾರೆ. ಇದು ಕಂಪನಿಯದ್ದೇ ಎನ್ನುತ್ತಾರೆ.

ಇಂಗ್ಲೆಂಡಿನಲ್ಲಿ ಟ್ರಯಂಫ್ ಕಂಪನಿ ಹೆರಾಲ್ಡ್‌ನ ತೆರೆದ ಮಾದರಿಯನ್ನು ಮಾರಿದ್ದು ನಿಜ. 1962ರ ಸ್ಪಿಟ್‌ಫೈರ್ ಕೂಡ ಹೆರಾಲ್ಡ್ ಚಾಸಿಯನ್ನೇ ಮೋಟುಮಾಡಿ ಕಟ್ಟಿದ ಕಾರು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್ 1961ರಿಂದ ಬಂದಿತು. ಈ ಕಾರಿನ ಬಾಡಿಗೂ ಚಾಸಿಗೂ ಬೇರೆ ಬೇರೆ ಅಸ್ತಿತ್ವವಿದೆ, ಛಾವಣಿಯನ್ನು ಬೋಲ್ಟಿನಿಂದ ಕೂರಿಸಲಾಗಿದೆ. ಹಾಗಾಗಿ ಸ್ಪ್ಯಾನರ್ ಹಿಡಿದವರು ಯಾರು ಬೇಕಾದರೂ ಅದನ್ನು ಬಿಚ್ಚಬಹುದು, ಬಿಚ್ಚಿದವರೂ ಬಹಳ ಮಂದಿ. ಆರ್‌ಸಿಯಲ್ಲಿ ಬಾಡಿಯ ಬಗೆ ಏನೆಂದು ಬರೆದಿದೆ ಎಂಬುದನ್ನು ನೋಡಿದರೆ ಅರ್ಧ ವಿವಾದ ಅಲ್ಲೇ ಮುಗಿಯುತ್ತದೆ.

ಉಳಿದರ್ಧ ಜ್ಯಾಕ್‌ನಿಂದ ಮುಗಿಯುತ್ತದೆ. ಕಾರಿನ ಒಂದು ಬದಿಯನ್ನು ಚಾಸಿಯ ಕೆಳಗಿನಿಂದ ನಿಧಾನವಾಗಿ ಎತ್ತಿ, ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಬಾಗಿಲು ಬಿಗಿದುಕೊಂಡರೆ, ಅಥವಾ ಅದರ ಸುತ್ತಲಿನ ಸಂದು ಮೇಲೊಂದು ಕೆಳಗೊಂದು ಅಳತೆಯಾದರೆ, ಬಾಡಿ ಬಾಗುತ್ತಿದೆ, ಬಲಪಡಿಸುವ ಪಟ್ಟಿಗಳನ್ನು ಹಾಕಿಲ್ಲ ಎಂದರ್ಥ. ಛಾವಣಿಯನ್ನು ಕತ್ತರಿಸದೆ ಬಿಚ್ಚಿ ಜೋಪಾನವಾಗಿ ಇಟ್ಟಿದ್ದರೆ ಹೆಚ್ಚಿನ ನಷ್ಟವಿಲ್ಲ. ಹೆರಾಲ್ಡ್‌ಗೆ ಅನ್ವಯಿಸುವ ಈ ರಿಯಾಯಿತಿ ಫಿಯೆಟ್ 1100 ಅಥವಾ ಪದ್ಮಿನಿಗೆ ಸಲ್ಲದು. ಅವುಗಳಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲ, ಛಾವಣಿಯೂ ಸೇರಿ ಇಡೀ ತಗಡಿನ ಗೂಡೇ ಭಾರ ಹೊರುತ್ತದೆ. ಛಾವಣಿ ಕತ್ತರಿಸಿದ ಪದ್ಮಿನಿಗೆ, ಅದರ ಮೇಲೆ ಮದುವೆ ಮೆರವಣಿಗೆಗೆ ಎಷ್ಟೇ ಚೆಂದದ ಬಣ್ಣ ಹೊಡೆದಿದ್ದರೂ, ಬಿಡಿಭಾಗಗಳ ಬೆಲೆಗಿಂತ ಹೆಚ್ಚು ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಾಲ್ಫಿನ್, ಸ್ಯಾನ್ ಸ್ಟಾರ್ಮ್ ಕಾರುಗಳಿಗೆ ತುಕ್ಕಿನ ಚಿಂತೆ ಇಲ್ಲವಲ್ಲ?

ಫೈಬರ್ ಮೈಗೆ ಇಲ್ಲ, ಅಡಿಯಲ್ಲಿರುವ ಕಬ್ಬಿಣಕ್ಕೆ ಇದೆ. ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ರೂಪ. 848 ಸಿಸಿ ಎಂಜಿನ್, ಫೈಬರ್ ಬಾಡಿ, ಹಗುರ ಮೈ, ಆದ್ದರಿಂದಲೇ ರ್‍ಯಾಲಿಗಳಲ್ಲಿ ಹೆಸರು ಮಾಡಿತ್ತು. ಫೈಬರ್ ಹೊದಿಕೆಯ ಅಡಿ ಕಬ್ಬಿಣದ ಚಾಸಿ ಕಣ್ಣಿಗೆ ಬೀಳದೆ ಕೊಳೆಯುತ್ತಿರುತ್ತದೆ. ಕಾರನ್ನು ಎತ್ತಿಸಿ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡುವುದೇ ದಾರಿ. ಜೇಡರ ಬಲೆಯಂಥ ಸಣ್ಣ ಬಿರುಕುಗಳು ಹಳೆಯ ಪೆಟ್ಟಿನ ಗುರುತು. ಈ ಕಾರುಗಳ ಬಿಡಿಭಾಗ ಸಿಗುವುದು ಕಷ್ಟವಾದ್ದರಿಂದ, ಗಾಜು, ದೀಪ, ಬಾಗಿಲ ಹಿಡಿ ಎಲ್ಲವೂ ಇರುವ ಕೆಟ್ಟು ನಿಂತ ಕಾರು, ಅವು ಇಲ್ಲದ ಓಡುವ ಕಾರಿಗಿಂತ ಹೆಚ್ಚು ಬೆಲೆಬಾಳಬಹುದು.

ಇದು ಷೋಲಾವರಂನಲ್ಲಿ ಓಡಿದ ಕಾರು, ಕೆಜಿಎಫ್ ಗಣಿಯ ದೊರೆ ಇಟ್ಟುಕೊಂಡಿದ್ದ ಕಾರು ಎನ್ನುತ್ತಾರೆ. ಕಥೆಗೆ ಬೆಲೆ ಇದೆಯೇ?

ಕಥೆಗೆ ಇಲ್ಲ, ಸಾಕ್ಷಿಗೆ ಇದೆ. ಮದ್ರಾಸಿನ ಹತ್ತಿರದ ಷೋಲಾವರಂ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ಓಟ ನಡೆದದ್ದು ಎಲ್ಲರಿಗೂ ಗೊತ್ತು. 1990ರಲ್ಲಿ ಅದೇ ಮದ್ರಾಸಿನ ಹತ್ತಿರ ಇರುಂಗಾಟ್ಟುಕೋಟ್ಟೈ ಎಂಬಲ್ಲಿ ಓಟದ ಟ್ರ್ಯಾಕ್ ಆರಂಭವಾಯಿತು. ಅಂದಿನ ಫೋಟೊದಲ್ಲಿ ಕಾರಿನ ನಂಬರ್ ಕಾಣುತ್ತಿದ್ದರೆ, ಸ್ಪರ್ಧೆಯ ಪಟ್ಟಿಯಲ್ಲಿ ಮಾಲೀಕರ ಹೆಸರಿದ್ದರೆ, ನಾನು ಮೇಲೆ ಹೇಳಿದ ಲೆಕ್ಕವೇ ತಿರುವುಮುರುವಾಗುತ್ತದೆ. ಆಗಿನ ಕಾಲದಲ್ಲೇ, ಓಟಕ್ಕಾಗಿಯೇ ಮಾಡಿದ ಮಾರ್ಪಾಡು ಆ ಕಾರಿನ ಚರಿತ್ರೆ. ಒಳಗೆ ರೋಲ್ ಕೇಜ್ (ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಕೊಳವೆಗಳ ಚೌಕಟ್ಟು) ಕೂರಿಸಲು ಕೊರೆದ ತೂತನ್ನು ಮುಚ್ಚಿಸಿ ಮೊದಲಿನಂತೆ ಮಾಡಿಸುವುದೇ ಅಲ್ಲಿ ನಷ್ಟದ ಕೆಲಸ. ಸಾಕ್ಷಿ ಇಲ್ಲದಿದ್ದರೆ ತೂತು ಬರೀ ತೂತು.

ಗಣಿ ದೊರೆಯ ಕಥೆಯನ್ನು ಇಸವಿಗಳಿಂದಲೇ ಪರೀಕ್ಷಿಸಬಹುದು. ಕೋಲಾರದ ಚಿನ್ನದ ಗಣಿಗಳನ್ನು ಜಾನ್ ಟೇಲರ್ ಕಂಪನಿ ನಡೆಸುತ್ತಿತ್ತು. ಮೈಸೂರು ಸರ್ಕಾರ ಅವನ್ನು ವಹಿಸಿಕೊಂಡದ್ದು 1956ರಲ್ಲಿ. ಹೆರಾಲ್ಡ್ ಭಾರತದಲ್ಲಿ ತಯಾರಾಗತೊಡಗಿದ್ದು ಅದಾದ ಐದು ವರ್ಷಕ್ಕೆ. ಟೇಲರ್ ಕಂಪನಿಯ ದೊರೆ ಹೆರಾಲ್ಡ್‌ನಲ್ಲಿ ಗಣಿಗೆ ಹೋಗುತ್ತಿದ್ದರೆಂದು ಹೇಳುವವರಿಗೆ ಈ ಎರಡು ಇಸವಿಗಳನ್ನು ವಿನಯದಿಂದ ನೆನಪಿಸಿ. ಕೋಲಾರ ಜಿಲ್ಲೆಯಲ್ಲಿ ನಾನು ನೋಡಿದ ಹಳೆಯ ಕಾರುಗಳೆಲ್ಲ ದೊರೆಗಳವೇ ಆಗಿದ್ದರೆ, ಗಣಿಯಲ್ಲಿ ಕೂಲಿಗಳಿಗಿಂತ ದೊರೆಗಳೇ ಹೆಚ್ಚಿದ್ದರೆಂದು ನಂಬಬೇಕಾಗುತ್ತದೆ.

ಕಾಗದಪತ್ರಗಳಲ್ಲಿ ಏನೇನು ನೋಡಬೇಕು?

ಚಾಸಿ ನಂಬರಿನ ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು, ಒಂದೊಂದೇ ಅಂಕಿಯನ್ನು ಆರ್‌ಸಿಯೊಡನೆ ಹೋಲಿಸಿ. ಅಂಕಿಗಳ ಸುತ್ತ ಉಜ್ಜಿದ ಅಥವಾ ವೆಲ್ಡಿಂಗ್ ಮಾಡಿದ ಗುರುತಿದ್ದರೆ ಬೆಲೆಯ ಮಾತನ್ನೇ ಎತ್ತಬೇಡಿ. ಕೆಎ-06 ತುಮಕೂರಿನದು, ಕೆಎ-07 ಕೋಲಾರದ್ದು, ಕೆಎ-08 ಕೆಜಿಎಫ್‌ನದು, ಕೆಎ-40 ಚಿಕ್ಕಬಳ್ಳಾಪುರದ್ದು. ಅದಕ್ಕಿಂತ ಹಿಂದಿನ, ಎಂವೈ ಅಥವಾ ಸಿಎ ಎಂದು ಆರಂಭವಾಗುವ ನಂಬರ್ ಉಳಿದಿರುವ ಕಾರಿಗೆ ಹವ್ಯಾಸಿಗಳ ನಡುವೆ ಹೆಚ್ಚಿನ ಮರ್ಯಾದೆ ಇದೆ.

ಹಳೆಯ ಸಾಲದ ನಮೂದು ಆರ್‌ಸಿಯಲ್ಲಿ ಹಾಗೆಯೇ ಉಳಿದಿರುವುದು ಸಾಮಾನ್ಯ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ. ಸಾಲ ತೀರಿದ ಪತ್ರವನ್ನು ಈಗಿನ ಬ್ಯಾಂಕಿನಿಂದ ತಂದು ಫಾರಂ 35ರ ಮೂಲಕ ನಮೂದು ತೆಗೆಸಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗಾವಣೆ ಆಗಬೇಕು, ಆಮೇಲೆ ಫಾರಂ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ಅಣ್ಣತಮ್ಮಂದಿರ ನಡುವೆ ಪಾಲಿನ ವ್ಯಾಜ್ಯವಿದ್ದರೆ, ಒಬ್ಬರ ಕೈಗೆ ಮುಂಗಡ ಕೊಟ್ಟು ಬರುವ ಧೈರ್ಯ ಮಾಡಬೇಡಿ.

ಖಾಸಗಿ ಕಾರಿನ ನೋಂದಣಿ 15 ವರ್ಷಗಳ ನಂತರ ಐದೈದು ವರ್ಷಕ್ಕೆ ನವೀಕರಣವಾಗಬೇಕು. 2025ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ 20 ವರ್ಷ ದಾಟಿದ ಲಘು ಮೋಟಾರು ವಾಹನಕ್ಕೆ ನವೀಕರಣ ಶುಲ್ಕ 10,000 ರೂಪಾಯಿ, ಆಮದಾದ ಕಾರಿಗೆ 80,000. ನವೀಕರಣ ತಪ್ಪಿದ ಕಾರಿನ ಬೆಲೆಯಿಂದ ಶುಲ್ಕವನ್ನು ಮಾತ್ರವಲ್ಲ, ತಪಾಸಣೆಯಲ್ಲಿ ಪಾಸಾಗಲು ಮಾಡಿಸಬೇಕಾದ ಕೆಲಸದ ವೆಚ್ಚವನ್ನೂ ಕಳೆಯಬೇಕು.

ಐವತ್ತು ವರ್ಷ ದಾಟಿದರೆ ವಿಂಟೇಜ್ ಎಂದು ನೋಂದಾಯಿಸಬಹುದಂತೆ. ಬೆಲೆ ಏರುವುದಿಲ್ಲವೇ?

2021ರ ಕೇಂದ್ರ ನಿಯಮಗಳಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನ ಮಾತ್ರ ವಿಂಟೇಜ್ ಆಗುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಅವಧಿ, ಆಮೇಲಿನ ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಎಂಜಿನ್ ಬದಲಿಸಿದ, ಛಾವಣಿ ಕತ್ತರಿಸಿದ ಕಾರಿಗೆ ಈ ಬಾಗಿಲು ಮುಚ್ಚಿದೆ. ಮಾರುವವರು ವಿಂಟೇಜ್ ಎಂಬ ಪದವನ್ನು ಬಳಸಿದೊಡನೆ ಬೆಲೆ ಏರಿಸುವುದಕ್ಕೆ ಆಧಾರವಿಲ್ಲ.

ಕಾರು ನೋಡಲು ಹೋದಾಗ ಏನು ಮಾಡಬೇಕು?

ಬೆಳಗ್ಗೆ ಹೋಗಿ, ತಲುಪಿದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ, ತಣ್ಣಗಿನ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲವೆಂದು ಮಾರುವವರಿಗೆ ಗೊತ್ತಿದ್ದು, ಮೊದಲೇ ಓಡಿಸಿ ಇಟ್ಟಿದ್ದಾರೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಭಾಗ, ಮಡ್‌ಗಾರ್ಡ್, ಡಿಕ್ಕಿಯ ಅಂಚಿನಲ್ಲಿ ಆಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಬಣ್ಣದ ಅಡಿ ಪುಟ್ಟಿ ತುಂಬಿದೆ. ನಾನೇ ಒಮ್ಮೆ ಮಳೆ ಹನಿಯುತ್ತಿದ್ದ ಸಂಜೆ ಕಾರು ನೋಡಿ ಮುಂಗಡ ಕೊಟ್ಟುಬಂದೆ. ಒದ್ದೆ ಬಣ್ಣದಲ್ಲಿ ಎಲ್ಲ ಡೊಂಕುಗಳೂ ಮುಚ್ಚಿಹೋಗಿದ್ದವು. ಮರುದಿನದ ಬಿಸಿಲಿನಲ್ಲಿ ನೋಡಿದಾಗ ಒಂದು ಬದಿಯ ತಗಡು ಹಪ್ಪಳದಂತೆ ಕಂಡಿತು.

ಕರಾವಳಿಯ ಕಾರುಗಳಿಗೆ ಹೋಲಿಸಿದರೆ ನಮ್ಮ ಒಣ ಹವೆಯ ಬಯಲುಸೀಮೆಯ ಕಾರುಗಳಿಗೆ ತುಕ್ಕು ಕಡಿಮೆ. ಅದರ ಬದಲು ನಮಗೆ ಇಲಿಯ ಕಾಟ ಇದೆ. ರಾಗಿ ಮೂಟೆ ಇಟ್ಟ ಶೆಡ್ಡಿನಲ್ಲಿ ನಿಂತ ಕಾರಿನ ವೈರಿಂಗ್ ಪೂರ್ತಿ ಬದಲಿಸಬೇಕಾಗುತ್ತದೆ ಎಂದು ಮೊದಲೇ ಲೆಕ್ಕ ಹಿಡಿಯಿರಿ. ಮಾರ್ಪಾಡು ಮಾಡಿದವರು ಎಳೆದ ಹೆಚ್ಚುವರಿ ತಂತಿಗಳು ಅದರೊಳಗೆ ಸಿಕ್ಕಿಕೊಂಡಿದ್ದರೆ ಕೆಲಸ ಇಮ್ಮಡಿ. ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ. ಅಂಕಿ ಎಷ್ಟು ಎಂಬುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯೇ ಎಂಬುದು ಮುಖ್ಯ.

ಕೊನೆಗೆ ಕಾರನ್ನು ಏರಿನಲ್ಲಿ ಓಡಿಸಿ. ಚಿಕ್ಕಬಳ್ಳಾಪುರದ ಕಡೆಯವರಿಗೆ ನಂದಿ ಬೆಟ್ಟ, ತುಮಕೂರಿನವರಿಗೆ ದೇವರಾಯನದುರ್ಗ ಇದ್ದೇ ಇವೆ. ಸಪಾಟು ಹೆದ್ದಾರಿಯಲ್ಲಿ ಸೊಗಸಾಗಿ ಓಡಿದ ಕಾರಿನ ರೇಡಿಯೇಟರ್ ಹೊಸ ಎಂಜಿನ್ನಿನ ಶಾಖಕ್ಕೆ ಸಾಲುತ್ತದೆಯೇ ಎಂಬುದು ಅಲ್ಲಿ ತಿಳಿಯುತ್ತದೆ; ಇಳಿಯುವಾಗ ಬ್ರೇಕಿನ ನಿಜವೂ ಹೊರಬರುತ್ತದೆ. ಎಂಜಿನ್ ಶಕ್ತಿ ಹೆಚ್ಚಿಸಿ ಬ್ರೇಕನ್ನು ಹಾಗೆಯೇ ಬಿಟ್ಟ ಕಾರು ಕಂಡರೆ, ಉಳಿದ ಕೆಲಸವನ್ನೂ ಅದೇ ಬುದ್ಧಿ ಮಾಡಿದೆಯೆಂದು ತಿಳಿದು ಎಲ್ಲವನ್ನೂ ಎರಡನೇ ಸಲ ನೋಡಿ.

ವಿಮೆಯವರು ಒಪ್ಪುವ ಬೆಲೆಯನ್ನೇ ನ್ಯಾಯವಾದ ಬೆಲೆ ಎನ್ನಬಹುದೇ?

ಎನ್ನಲಾಗದು. ಐದು ವರ್ಷ ಮೀರಿದ ಕಾರಿನ ವಿಮಾ ಮೌಲ್ಯವನ್ನು ವಿಮಾ ಕಂಪನಿಯೂ ಮಾಲೀಕರೂ ಮಾತನಾಡಿಕೊಂಡು ನಿಗದಿ ಮಾಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಮಾರ್ಪಾಡುಗಳನ್ನು ಪಾಲಿಸಿಯಲ್ಲಿ ತಿಳಿಸಿದ್ದಾರೆಯೇ ನೋಡಿ. ಮುಚ್ಚಿಟ್ಟಿದ್ದರೆ ಅಪಘಾತದ ದಿನ ಜಗಳ ತಪ್ಪಿದ್ದಲ್ಲ.

ನಮ್ಮ ತಂದೆಯವರ ಕಾರನ್ನು ಮಾರಬೇಕಾಗಿದೆ. ಮೊದಲಿನಂತೆ ಮಾಡಿಸಿ ಮಾರಲೇ, ಇರುವಂತೆಯೇ ಮಾರಲೇ?

ಬಿಚ್ಚಿಟ್ಟ ಮೂಲ ಭಾಗಗಳು ಮನೆಯಲ್ಲೇ ಇದ್ದರೆ, ಅವನ್ನು ಹುಡುಕಿ, ಸೀಮೆಎಣ್ಣೆಯಲ್ಲಿ ತೊಳೆದು, ಪಟ್ಟಿ ಬರೆದು ಕಾರಿನ ಜೊತೆಗಿಡಿ. ಅಟ್ಟದ ಮೇಲೆ ಮರೆತುಹೋದ ಒಂದು ಸೋಲೆಕ್ಸ್ ಕಾರ್ಬೊರೇಟರ್, ಚಕ್ರಗಳ ನಡುವಿನ ನಾಲ್ಕು ಮುಚ್ಚಳಗಳು (ವೀಲ್ ಕಪ್), ತಂದೆಯವರ ಕೈಬರಹದ ಸರ್ವಿಸ್ ಪುಸ್ತಕ ನಿಮಗೆ ಒಂದು ರೂಪಾಯಿ ಖರ್ಚಿಲ್ಲದೆ ಬೆಲೆ ತರುತ್ತವೆ. ಮಾರುವುದಕ್ಕಾಗಿಯೇ ಹೊಸ ಬಣ್ಣ ಹೊಡೆಸಬೇಡಿ. ತಾಜಾ ಬಣ್ಣ ಕಂಡ ತಿಳಿವಳಿಕೆಯ ಗಿರಾಕಿ ಅದರ ಅಡಿಯಲ್ಲಿ ಏನನ್ನು ಮುಚ್ಚಿದ್ದಾರೆ ಎಂದು ಯೋಚಿಸತೊಡಗುತ್ತಾರೆ, ನೀವು ಕೊಟ್ಟ ಖರ್ಚೂ ಹಿಂದಿರುಗುವುದಿಲ್ಲ. ಎಂಜಿನ್ ಬದಲಾಗಿದ್ದು ಹಳೆಯದು ಕೈಯಲ್ಲಿದ್ದರೆ ಮಾತ್ರ, ಅದನ್ನು ಮರಳಿ ಕೂರಿಸಿ ಆರ್‌ಸಿಗೆ ಹೊಂದಿಸಿ ಮಾರುವುದು ಲಾಭದ ಕೆಲಸ. ಇಲ್ಲದಿದ್ದರೆ ಆಗಿರುವ ಬದಲಾವಣೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೊಳ್ಳುವವರ ಸಹಿ ಹಾಕಿಸಿಕೊಂಡು, ಒಂದು ಪ್ರತಿಯನ್ನು ನೀವೂ ಇಟ್ಟುಕೊಂಡು, ಹೆಸರು ವರ್ಗಾವಣೆಯ ಅರ್ಜಿ ಆರ್‌ಟಿಒ ಕಚೇರಿಗೆ ಸಲ್ಲಿಕೆಯಾದ ದಿನವೇ ಕೀಲಿಕೈ ಕೊಡಿ.